ವ್ಯಾಕ್ಸ್ ಮೆಲ್ಟ್‌ಗೆ ಯಾವ ಮೇಣ: ಸೋಯಾ, ಪ್ಯಾರಾಫಿನ್, ಜೇನುಮೇಣ?

ಬತ್ತಿಯಿಲ್ಲದ ಈ ಪರಿಮಳದ ಬಿಲ್ಲೆಗಳನ್ನು ಮನೆಯಲ್ಲೇ ಮಾಡುವವರಿಗೆ ನಾನು ಮೊದಲು ಹೇಳುವುದು ಸೋಯಾ ಮೇಣ. ಸುಮಾರು 50 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕರಗುತ್ತದೆ. ಪಾತ್ರೆಗೆ ಮೆತ್ತಿದ್ದು ಬಿಸಿನೀರು, ಸೋಪಿಗೆ ಬಿಟ್ಟುಕೊಳ್ಳುತ್ತದೆ. 100 ಗ್ರಾಂ ಮೇಣಕ್ಕೆ 8 ಗ್ರಾಂ ಸುಗಂಧ ತೈಲ ಸಾಕು. ಕುದಿಯುವ ನೀರಿನ ಮೇಲೆ ಇನ್ನೊಂದು ಪಾತ್ರೆಯಿಟ್ಟು ಮೇಣ ಕರಗಿಸಿ, 80–85 ಡಿಗ್ರಿಯಲ್ಲಿ ತೈಲ ಹಾಕಿ, ಎರಡು ನಿಮಿಷ ನಿಧಾನವಾಗಿ ಕಲಕಿ. ಆದರೆ ತಾಳ್ಮೆ ಬೇಕು: ಅಚ್ಚಿನಿಂದ ತೆಗೆದ ಮೇಲೆ ಒಂದೆರಡು ವಾರ ಡಬ್ಬಿಯಲ್ಲಿ ಮುಚ್ಚಿಟ್ಟರೇನೇ ಪರಿಮಳ ತುಂಬಿ ಬರುವುದು.

ಅಷ್ಟು ಕಾಯಲಾಗದವರಿಗೆ ಪ್ಯಾರಾಫಿನ್. ಅಗ್ಗ, ಅಚ್ಚಿನಿಂದ ಸಲೀಸಾಗಿ ಬಿಡುತ್ತದೆ, ಮಲ್ಲಿಗೆ, ಗಂಧದಂಥ ಪರಿಮಳವನ್ನು ಜೋರಾಗಿಯೇ ಬೀರುತ್ತದೆ. ಪೆಟ್ರೋಲಿಯಂ ಮೂಲದ್ದು ಬೇಡ ಅನ್ನುವವರಿಗೆ ಮಾತ್ರ ಇದು ಒಗ್ಗದು.

ಜೇನುಮೇಣ ದುಬಾರಿ. ಕರಗಲು 62–64 ಡಿಗ್ರಿ ಬೇಕು. ಬಿಲ್ಲೆ ಕರಗಿಸಿ ಘಮ ಹರಡಿಸುವ ವಾರ್ಮರ್‌ ಎಂಬ ಪುಟ್ಟ ಸಾಧನದ ಬಿಸಿ ಕಡಿಮೆಯಿದ್ದರೆ ಪೂರ್ತಿ ಕರಗುವುದೇ ಇಲ್ಲ. ಅದರದ್ದೇ ಜೇನಿನ ಘಮ ಬೇರೆ ನವಿರು ಪರಿಮಳಗಳನ್ನು ಮುಚ್ಚಿಬಿಡುತ್ತದೆ. ಏನೂ ಬೆರೆಸದೆ ಹಾಗೇ ಬಳಸುವುದೇ ಚೆಂದ.

ಯಾವುದನ್ನೇ ತಂದರೂ, ಉಳಿದ ಮೇಣವನ್ನು ಸಿಂಕಿಗೆ ಸುರಿಯಬೇಡಿ, ಪೈಪ್ ಕಟ್ಟಿಕೊಳ್ಳುತ್ತದೆ.