ಕ್ಯಾಲೆಂಡರ್, ನೋಟ್‌ಬುಕ್, ಆಪ್, ಶೀಟ್: ನಮ್ಮ ಕೊಟ್ಟಿಗೆಯ ಇಂಗಾಲದ ಲೆಕ್ಕಕ್ಕೆ ಒದಗಿದ್ದು ಯಾವುದು?

"ನಿಮ್ಮಲ್ಲಿ ಎಷ್ಟು ದನ ಇವೆ?"

ಇಂಗಾಲದ ಲೆಕ್ಕ, ಅಂದರೆ ನಮ್ಮ ದನಗಳಿಂದ ಭೂಮಿ ಬಿಸಿ ಮಾಡುವ ಅನಿಲ ಎಷ್ಟು ಹೊರಗೆ ಹೋಗುತ್ತದೆ ಅನ್ನುವ ಲೆಕ್ಕ ಹಾಕಲು ಬಂದ ಹುಡುಗಿ ಕೇಳಿದ ಮೊದಲ ಪ್ರಶ್ನೆ ಇದು. ಅಪ್ಪ 14 ಅಂದರು. ಅಡುಗೆಮನೆಯಿಂದ ಅವ್ವ 17 ಅಂದರು. ಇಬ್ಬರೂ ಸುಳ್ಳು ಹೇಳಿರಲಿಲ್ಲ. ಅಪ್ಪ ಅವತ್ತು ಕೊಟ್ಟಿಗೆಯಲ್ಲಿ ಕಟ್ಟಿದ್ದನ್ನು ಎಣಿಸಿದ್ದರು. ಅವ್ವ ಆ ವರ್ಷ ನಮ್ಮ ಮನೆಯ ಮೇವು ತಿಂದದ್ದನ್ನೆಲ್ಲ ಎಣಿಸಿದ್ದರು, ಮಾರಿದ ಹಸು, ಕೊಟ್ಟ ಗಂಡುಕರು ಸೇರಿಸಿ. ವರ್ಷದ ಕೊನೆಗೆ ಒಂದೊಂದು ದನ ನಮ್ಮಲ್ಲಿದ್ದ ದಿನ ಕೂಡಿ ನೋಡಿದಾಗ ಸರಿಯಾದ ಉತ್ತರ ಸರಾಸರಿ 13.4 ಬಂತು.

ನಮ್ಮದು ಚನ್ನರಾಯಪಟ್ಟಣ ತಾಲ್ಲೂಕು. ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಹಸು ಜಾಸ್ತಿ, ಒಂದೆರಡು ಜೆರ್ಸಿ, ಒಂದು ಹಳ್ಳಿಕಾರ್. ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ ಪೂರ್ತಿ ಒಂದು ವರ್ಷ ನಾಲ್ಕೈದು ರೀತಿಯಲ್ಲಿ ದಾಖಲೆ ಇಟ್ಟು ನೋಡಿದೆ. ಯಾವುದು ಉಳಿಯಿತು, ಯಾವುದು ಕೈಕೊಟ್ಟಿತು ಅನ್ನುವುದು ಇಲ್ಲಿದೆ.

ಮೊದಲು ಲೆಕ್ಕಕ್ಕೆ ಏನು ಬೇಕು ಅಂತ ಹೇಳಿಬಿಡುತ್ತೇನೆ. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯಲ್ಲಿ ಮೀಥೇನ್ ಹುಟ್ಟುತ್ತದೆ. ಬಹುಪಾಲು ತೇಗಿನ ಜೊತೆ ಬಾಯಿಯಿಂದಲೇ ಹೊರಗೆ ಬರುತ್ತದೆ. 100 ವರ್ಷದ ಲೆಕ್ಕದಲ್ಲಿ ಒಂದು ಕೆಜಿ ಮೀಥೇನ್ ಸುಮಾರು 28 ಕೆಜಿ ಕಾರ್ಬನ್ ಡೈಆಕ್ಸೈಡ್‌ನಷ್ಟು ಭೂಮಿಯನ್ನು ಬಿಸಿ ಮಾಡುತ್ತದೆ. ಇದನ್ನು ಲೆಕ್ಕ ಹಾಕುವ ಸುಲಭದ ದಾರಿ ತಲೆ ಎಣಿಸುವುದು. ವಿಶ್ವಸಂಸ್ಥೆಯ ಹವಾಮಾನ ಸಮಿತಿಯಾದ ಐಪಿಸಿಸಿಯ 2006ರ ಮಾರ್ಗಸೂಚಿಯಲ್ಲಿ ಭಾರತ ಉಪಖಂಡದ ಹಾಲಿನ ಹಸುವಿಗೆ ವರ್ಷಕ್ಕೆ 58 ಕೆಜಿ ಮೀಥೇನ್, ಉಳಿದ ದನಕ್ಕೆ 27 ಕೆಜಿ ಎಂದು ಇಟ್ಟಿದ್ದಾರೆ. ಆದರೆ ಆ 58 ನಿಂತಿರುವುದು ವರ್ಷಕ್ಕೆ 900 ಕೆಜಿ ಹಾಲು ಕೊಡುವ ಹಸುವಿನ ಮೇಲೆ. ನಮ್ಮ ದೊಡ್ಡ ಗೌರಿ ಅಷ್ಟನ್ನು ಕರು ಹಾಕಿದ ಮೂರು ತಿಂಗಳೊಳಗೆ ಕೊಡುತ್ತದೆ. ಹಾಗಾಗಿ ನಮ್ಮ ಕೊಟ್ಟಿಗೆಯದೇ ಲೆಕ್ಕ ಬೇಕು ಅಂದರೆ ಪ್ರತಿ ದನದ ತೂಕ, ಹಾಲು, ಮೇವು, ಎಲ್ಲಕ್ಕಿಂತ ಮುಖ್ಯವಾಗಿ ತಾರೀಖು ಬೇಕು. ಹುಟ್ಟಿದ್ದು, ಮೇವು ಹಿಡಿದದ್ದು, ಕರು ಹಾಕಿದ್ದು, ಹಾಲು ಬತ್ತಿಸಿದ್ದು, ಮಾರಿದ್ದು. ಕಡಸು ಹಸುವಾಗುವುದು ಮೊದಲ ಕರು ಹಾಕಿದ ದಿನ. ಬರೀ ಹಾಲು ಕುಡಿಯುವ ಎಳೆಗರುವಿನ ಹೊಟ್ಟೆಯ ಮೀಥೇನನ್ನು ಸೊನ್ನೆ ಅಂತಲೇ ಹಿಡಿಯುತ್ತಾರೆ. ಅದು ಹುಲ್ಲಿಗೆ ಬಾಯಿ ಹಾಕಿದ ದಿನದಿಂದ ಲೆಕ್ಕ ಶುರು.

ನಾನು ಮೊದಲು ನಂಬಿದ್ದು ನೋಟ್‌ಬುಕ್ಕನ್ನು. 200 ಪುಟದ ದಪ್ಪ ರಟ್ಟಿನ ಪುಸ್ತಕ. ಹೆಸರು, ಬೆಳಗಿನ ಹಾಲು, ಸಂಜೆ ಹಾಲು, ಫೀಡ್, ಹಸಿ ಮೇವು, ಒಣ ಹುಲ್ಲು, ಷರಾ ಅಂತ ಏಳು ಕಲಂ ಎಳೆದು ಕೊಟ್ಟಿಗೆಯ ಕಂಬಕ್ಕೆ ನೇತು ಹಾಕಿದೆ. ಮೊದಲ ಹನ್ನೊಂದು ದಿನ ಚೆನ್ನಾಗಿ ತುಂಬಿತು. ಆಮೇಲೆ ಭಾನುವಾರ ಕೂತು ವಾರದ್ದನ್ನೆಲ್ಲ ನೆನಪಿನಿಂದ ಬರೆಯುವುದು ಶುರುವಾಯಿತು. ನೆನಪಿನ ಅಂಕಿ ಸಲೀಸಾಗಿ ಗೊತ್ತಾಗುತ್ತದೆ. 6, 6, 6, 6 ಅಂತ ಒಂದೇ ಸಮ ಇರುತ್ತದೆ. ಹಸು ಹಾಗೆ ಹಾಲು ಕೊಡುವುದಿಲ್ಲ. ಬೆದೆಗೆ ಬಂದ ದಿನ ಇಳಿಯುತ್ತದೆ, ಮಳೆ ಹಿಡಿದರೆ ಇಳಿಯುತ್ತದೆ. ಅಂಥ ಅಂಕಿಯನ್ನು ಲೆಕ್ಕಕ್ಕೆ ಕೊಡಲು ನನಗೆ ಮನಸ್ಸು ಒಪ್ಪಲಿಲ್ಲ.

ಆಮೇಲೆ ತಿಳಿಯಿತು, ದಿನಾ ಅಳೆಯುವ ಅಗತ್ಯವೇ ಇಲ್ಲ. ತಿಂಗಳಿಗೆ ಒಂದು ದಿನ, ಬೆಳಿಗ್ಗೆ ಮತ್ತು ಸಂಜೆ, ಪ್ರತಿ ಹಸುವಿನ ಹಾಲನ್ನು ಬೇರೆಬೇರೆ ತೂಗಿದರೆ ಸಾಕು. ಮೇವೂ ಅಷ್ಟೇ. ಅವತ್ತೇ ಒಂದು ಹೊರೆ ನೇಪಿಯರ್ ಹುಲ್ಲು, ಒಂದು ಮಂಕರಿ ರಾಗಿ ಹುಲ್ಲು ತೂಗಿ ಇಟ್ಟುಕೊಂಡರೆ ಮುಂದೆ ಹೊರೆ ಎಣಿಸಿದರೆ ಆಯಿತು. ಹೀಗೆ ಮಾಡಿದ ಮೇಲೆ ನೋಟ್‌ಬುಕ್ ಬದುಕಿಕೊಂಡಿತು.

ಹಾಲಿನ ಒಟ್ಟು ಮೊತ್ತಕ್ಕೆ ಡೈರಿ ಚೀಟಿಯಷ್ಟು ಗಟ್ಟಿ ದಾಖಲೆ ಬೇರೆ ಇಲ್ಲ. ದಿನಕ್ಕೆ ಎರಡು ಸಲ ಅಳತೆ, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಎಲ್ಲ ಇರುತ್ತದೆ. ಆದರೆ ಅದು ಡೈರಿಗೆ ಹೋದ ಹಾಲು ಮಾತ್ರ. ಮನೆಗೆ ಇಟ್ಟದ್ದು, ಕರು ಕುಡಿದದ್ದು ಅದರಲ್ಲಿ ಇಲ್ಲ. ಪ್ರೋಟೀನ್ ಸಹ ನಮ್ಮ ಚೀಟಿಯಲ್ಲಿ ಬರುವುದಿಲ್ಲ, ಅದು ಎಸ್‌ಎನ್‌ಎಫ್‌ನೊಳಗೇ ಸೇರಿರುತ್ತದೆ. ಇದು ಯಾಕೆ ಬೇಕು ಅಂದರೆ, ಹಾಲನ್ನು ನೂರಕ್ಕೆ ಫ್ಯಾಟ್ 4, ಪ್ರೋಟೀನ್ 3.3ರ ಮಟ್ಟಕ್ಕೆ ತಂದು ಹೋಲಿಸುತ್ತಾರೆ. ಫ್ಯಾಟ್ 3.8, ಪ್ರೋಟೀನ್ 3.1 ಇರುವ 10 ಕೆಜಿ ಹಾಲು ಆ ಲೆಕ್ಕದಲ್ಲಿ 9.6 ಕೆಜಿ ಆಗುತ್ತದೆ. ಇನ್ನೊಂದು ಮಾತು: ಲೀಟರನ್ನು ಕೆಜಿ ಮಾಡಲು 1.03ರಿಂದ ಗುಣಿಸಬೇಕು. ಇದನ್ನು ಮರೆತರೆ ವರ್ಷದ ಮೊತ್ತದಲ್ಲಿ ನೂರಕ್ಕೆ ಮೂರು ತಪ್ಪು ಸುಮ್ನೆ ಸೇರಿಕೊಳ್ಳುತ್ತದೆ.

ಮೊಬೈಲ್ ಆಪ್ ಒಂದನ್ನು ಹಣ ಕೊಟ್ಟು ತಗೊಂಡೆ. ಅದರ ಒಳ್ಳೆಯದನ್ನು ಮೊದಲು ಹೇಳಬೇಕು. ಎಐ (ಕೃತಕ ಗರ್ಭಧಾರಣೆ) ಮಾಡಿಸಿದ ತಾರೀಖು ಹಾಕಿದರೆ ಯಾವಾಗ ಗಬ್ಬ ನೋಡಿಸಬೇಕು, ಯಾವಾಗ ಬತ್ತಿಸಬೇಕು, ಯಾವಾಗ ಕರು ಹಾಕುತ್ತದೆ ಅಂತ ತಾನೇ ನೆನಪಿಸುತ್ತಿತ್ತು. ಇದು ನಿಜಕ್ಕೂ ಉಪಯೋಗಕ್ಕೆ ಬಂತು. ಆದರೆ ಎಲ್ಲವೂ ಇಂಗ್ಲಿಷ್. ಅಪ್ಪ ಒಂದು ದಿನವೂ ಮುಟ್ಟಲಿಲ್ಲ. ದನದ ಜೊತೆ ದಿನವಿಡೀ ಇರುವವರು ಅವರು, ಫೋನ್ ಇರುವುದು ನನ್ನ ಜೇಬಿನಲ್ಲಿ. ಸುದ್ದಿ ನನಗೆ ತಲುಪುವ ಹೊತ್ತಿಗೆ ಎರಡು ದಿನ ಆಗಿರುತ್ತಿತ್ತು.

ನವೆಂಬರ್ 5ಕ್ಕೆ ಕೆಂಪಿಯನ್ನು ಮಾರಿದೆವು. ಮಾರನೆಯ ದಿನವೇ ಇನ್ನೊಂದು ಹಸು ತಂದೆವು. ಆಪ್‌ನಲ್ಲಿ ಕೆಂಪಿಯನ್ನು ತೆಗೆದು ಹೊಸದನ್ನು ಸೇರಿಸಿದೆ. ವರದಿ ತೆರೆದರೆ ಕೆಂಪಿಯ ಹೆಸರೇ ಇಲ್ಲ. 219 ದಿನ ನಮ್ಮಲ್ಲಿದ್ದ ಹಸುವಿನ ಹಾಲು, ಮೇವು, ಕರು ಹಾಕಿದ ತಾರೀಖು ಎಲ್ಲ ಹೋಯಿತು. ಇವತ್ತು ಕೊಟ್ಟಿಗೆಯಲ್ಲಿ ಏನಿದೆ ಅಂತ ತೋರಿಸಲು ಮಾಡಿದ ಆಪ್ ಅದು. ಇಂಗಾಲದ ಲೆಕ್ಕಕ್ಕೆ ಹೋದ ದನವೂ ಬೇಕು. ನೀವು ಯಾವುದೇ ಆಪ್ ತಗೊಳ್ಳುವ ಮುಂಚೆ ಒಂದು ದನವನ್ನು ಮಾರಿದ ಹಾಗೆ ಮಾಡಿ ನೋಡಿ. ಹಳೆಯ ದಾಖಲೆ ಉಳಿದರೆ ಮಾತ್ರ ಮುಂದುವರಿಯಿರಿ.

ಆಗ ಕೈಹಿಡಿದದ್ದು ಅವ್ವನ ಕ್ಯಾಲೆಂಡರ್. ಅಡುಗೆಮನೆಯ ಬಾಗಿಲ ಪಕ್ಕ ನೇತು ಹಾಕಿದ ಪಂಚಾಂಗದ ಕ್ಯಾಲೆಂಡರ್. ಗ್ಯಾಸ್ ಸಿಲಿಂಡರ್ ಬಂದ ದಿನ, ಚೀಟಿ ಹಣ ಕಟ್ಟಿದ ದಿನದ ಜೊತೆ ದನದ್ದೂ ಬರೆಯುತ್ತಾರೆ. "ಕೆಂಪಿ ಹೋತು." "ಜೆರ್ಸಿ ಹೆಣ್ಗರು." "ದೊ.ಗೌ. ಸೂಜಿ." ಅವ್ವ ಅದನ್ನು ಯಾವ ಲೆಕ್ಕಕ್ಕೂ ಅಂತ ಬರೆದದ್ದಲ್ಲ. ಇಪ್ಪತ್ತು ವರ್ಷದ ಅಭ್ಯಾಸ. ಹೋದ ಎರಡು ಗಂಡುಕರುಗಳ ತಾರೀಖು ನನ್ನ ನೋಟ್‌ಬುಕ್ಕಿನಲ್ಲಿ ಇರಲಿಲ್ಲ, ಆಪ್‌ನಲ್ಲಿ ಇರಲಿಲ್ಲ, ಆ ಚೌಕಗಳಲ್ಲಿ ಇತ್ತು. ಹಾಲು ಕೊಡದ್ದನ್ನು ನಾವು ಬರೆಯುವುದೇ ಇಲ್ಲ, ಅಲ್ವಾ? ಕರು, ಕಡಸು, ಬತ್ತಿದ ಹಸು. ಆದರೆ ಅವೂ ತಿನ್ನುತ್ತವೆ, ತೇಗುತ್ತವೆ. ಹಾಲಿನ ಮೇಲೆ ಮಾತ್ರ ಕಣ್ಣಿಟ್ಟ ದಾಖಲೆ ಇವನ್ನೆಲ್ಲ ಬಿಟ್ಟುಬಿಡುತ್ತದೆ.

ಕಿವಿ ಓಲೆಯ ಬಗ್ಗೆ ಎರಡು ಮಾತು. 12 ಅಂಕಿಯ ಆ ಹಳದಿ ಓಲೆಯ ನಂಬರಿನಲ್ಲಿ ಕಾಲುಬಾಯಿ ಜ್ವರದ ಲಸಿಕೆ, ಎಐ ಎಲ್ಲ ಸರ್ಕಾರದ ಆನ್‌ಲೈನ್ ದಾಖಲೆಯಾದ ಭಾರತ್ ಪಶುಧನ್‌ನಲ್ಲಿ ದಾಖಲಾಗುತ್ತದೆ. ನಮ್ಮ ಮನೆಯ ಮೇವು, ತೂಕ ಅದರಲ್ಲಿ ಸಿಗುವುದಿಲ್ಲ, ಅದರ ಕೆಲಸವೂ ಅದಲ್ಲ. ಆದರೆ ಗುರುತಿಗೆ ಅದಕ್ಕಿಂತ ಒಳ್ಳೆಯದು ಇಲ್ಲ. ನಮ್ಮಲ್ಲಿ ಇಬ್ಬರು ಗೌರಿಯರು. ಹೆಸರು ಮಾತ್ರ ಬರೆದಿದ್ದ ಕಡೆ ಯಾವ ಗೌರಿ ಅಂತ ಹುಡುಕಲು ಒಂದು ಸಂಜೆ ಹೋಯಿತು. ಈಗ ಹೆಸರಿನ ಜೊತೆ ಓಲೆಯ ಕೊನೆಯ ನಾಲ್ಕು ಅಂಕಿ ಬರೆಯುತ್ತೇವೆ. ಓಲೆ ಕಿತ್ತು ಬಿದ್ದು ಹೊಸದು ಹಾಕಿಸಿದರೆ ಹಳೆ ನಂಬರನ್ನು ಅಳಿಸಬೇಡಿ.

ಶೀಟ್‌ಗೆ, ಅಂದರೆ ಫೋನಿನ ಸ್ಪ್ರೆಡ್‌ಶೀಟ್‌ಗೆ ಬರುತ್ತೇನೆ. ಕೂಡಿಸುವ ಕೆಲಸಕ್ಕೆ ಇದೇ ಸರಿ. ಆದರೆ ಒಂದು ದನಕ್ಕೆ ಒಂದು ಸಾಲು ಇಟ್ಟರೆ ಕೆಲಸ ಕೆಡುತ್ತದೆ. ಒಂದು ಹಂತಕ್ಕೆ ಒಂದು ಸಾಲು ಇಡಬೇಕು. ಚಿಕ್ಕ ಗೌರಿ ಕಡಸಾಗಿದ್ದದ್ದು ಒಂದು ಸಾಲು, ಹಾಲು ಕೊಟ್ಟದ್ದು ಇನ್ನೊಂದು. ಪ್ರತಿ ಸಾಲಿನಲ್ಲಿ ಯಾವಾಗಿಂದ, ಯಾವಾಗಿನವರೆಗೆ. ದಿನಗಳನ್ನು 365ರಿಂದ ಭಾಗಿಸಿದರೆ ಆಯಿತು. ವರ್ಷವಿಡೀ ಇದ್ದದ್ದು 11. ಕೆಂಪಿ 219 ದಿನ, ಹೊಸ ಹಸು 146 ದಿನ, ಎರಡೂ ಸೇರಿ ಒಂದು ಪೂರ್ತಿ ತಲೆ. ಹೋದ ಗಂಡುಕರುಗಳು 73 ದಿನದಂತೆ ಎರಡು, ಹುಟ್ಟಿ ಉಳಿದವು 292 ದಿನ ಮತ್ತು 73 ದಿನ, ಒಟ್ಟು 1.4. ಆ 13.4 ಹೀಗೆ ಬಂತು. ತಾರೀಖು ಹಾಕುವಾಗ ಎಚ್ಚರ ಬೇಕು. ನನ್ನ ಫೋನಿನಲ್ಲಿ ತಿಂಗಳು ಮೊದಲು ಅಂತ ಇತ್ತು. ಆಗಸ್ಟ್ 5 ಅಂತ ನಾನು ಹಾಕಿದ್ದು ಮೇ 8 ಆಗಿ ಕೂತಿತ್ತು. ಈಗ ತಿಂಗಳ ಹೆಸರನ್ನೇ ಅಕ್ಷರದಲ್ಲಿ ಬರೆಯುತ್ತೇನೆ.

ತೂಕಕ್ಕೆ ನಮ್ಮಲ್ಲಿ ಕಾಟಾ ಇಲ್ಲ. ಟೇಪ್ ಹಿಡಿದೆವು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ, ಭುಜದಿಂದ ಪಿರ್ರೆಯ ಮೂಳೆಯವರೆಗಿನ ಉದ್ದ, ಎರಡೂ ಇಂಚಿನಲ್ಲಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಕೆಜಿ ಸಿಗುತ್ತದೆ. 72 ಇಂಚು ಸುತ್ತಳತೆ, 60 ಇಂಚು ಉದ್ದಕ್ಕೆ 471 ಕೆಜಿ. ಟೇಪ್ ಒಂದು ಇಂಚು ಸಡಿಲವಾದರೆ 484. ಆದ್ದರಿಂದ ಒಬ್ಬರೇ ಅಳೆಯಬೇಕು, ನಮ್ಮಲ್ಲಿ ಅಪ್ಪ. ಮಾರುವ ದನದ ತೂಕವನ್ನು ಕಟ್ಟು ಬಿಚ್ಚುವ ಮುಂಚೆ ಅಳೆದಿಟ್ಟುಕೊಳ್ಳಿ. ಇಂಗಾಲದ ಹೊರೆಯನ್ನು ಹಾಲಿಗೆಷ್ಟು, ಮಾರಿದ ದನಕ್ಕೆಷ್ಟು ಅಂತ ಹಂಚುವಾಗ ಅದನ್ನು ಕೇಳುತ್ತಾರೆ. ಸಗಣಿಯಲ್ಲಿ ತಿಪ್ಪೆಗೆ ಎಷ್ಟು, ಗೋಬರ್ ಗ್ಯಾಸ್‌ಗೆ ಎಷ್ಟು ಅನ್ನುವುದನ್ನೂ ಕೇಳುತ್ತಾರೆ. ಅದಕ್ಕೆ ಬುಟ್ಟಿ ಎಣಿಸಿದರೆ ಸಾಕು.

ಈಗ ಆಪ್ ಬಿಟ್ಟಿದ್ದೇನೆ. ತಾರೀಖು ಕ್ಯಾಲೆಂಡರಿಗೆ, ತಿಂಗಳ ತೂಕ ನೋಟ್‌ಬುಕ್ಕಿಗೆ, ತಿಂಗಳ ಕೊನೆಗೆ ಎರಡೂ ಶೀಟ್‌ಗೆ. ಹಳೆ ಕ್ಯಾಲೆಂಡರಿನ ಹಾಳೆಗಳನ್ನು ಪುಸ್ತಕಕ್ಕೆ ಬೈಂಡ್ ಹಾಕುವ ಬದಲು ಫೈಲಿನಲ್ಲಿ ಜೋಡಿಸಿ ಇಟ್ಟಿದ್ದೇನೆ. ಚಿಕ್ಕ ಗೌರಿಯನ್ನು ಈ ತಿಂಗಳ 20ಕ್ಕೆ ಬತ್ತಿಸಬೇಕು. ಅವ್ವ ಆ ಚೌಕದಲ್ಲಿ "ಚಿ.ಗೌ. ಬತ್ತು" ಅಂತ ಪೆನ್ಸಿಲ್‌ನಲ್ಲಿ ಆಗಲೇ ಬರೆದಿದ್ದಾರೆ. ನಿಜವಾಗಿ ಕರೆಯುವುದು ನಿಲ್ಲಿಸಿದ ದಿನ ಪೆನ್ನಿನಲ್ಲಿ ಬರೆಯುತ್ತಾರೆ.