24 ಕೋರ್ ಸರ್ವರ್ ಅಂತ ತೋರಿಸ್ತಾರೆ, ಬಳ್ಳಾರಿಯವರೇ ನೋಡಿಕೊಂಡು ದುಡ್ಡು ಕೊಡಿ

ಬಳ್ಳಾರಿ, ಸಿರುಗುಪ್ಪ, ಸಂಡೂರು ಕಡೆ ಯಾರಾದರೂ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ತಗೊಳ್ಳೋಕೆ ಹೊರಟಿದ್ದರೆ ಇದನ್ನು ಓದಿ, ಆಮೇಲೆ ದುಡ್ಡು ಬಿಚ್ಚಿ. "24 ಕೋರ್", "ಸರ್ವರ್ ಪ್ರೊಸೆಸರ್", "ಐ7ಗಿಂತ ಮೇಲೆ". ಈ ಮೂರು ಮಾತು ಒಟ್ಟಿಗೆ ಕಿವಿಗೆ ಬಿದ್ದರೆ ಅಲ್ಲಿಂದ ಎದ್ದು ಬನ್ನಿ. (ಪ್ರೊಸೆಸರ್ ಅಂದರೆ ಕಂಪ್ಯೂಟರಿನ ಮುಖ್ಯ ಚಿಪ್, ಕೋರ್ ಅಂದರೆ ಅದರೊಳಗೆ ಕೆಲಸ ಮಾಡೋ ಒಂದೊಂದು ಭಾಗ.) ನನ್ನ 26 ಸಾವಿರ ಹೋಯಿತು. ದುಡ್ಡು ಹೋಗಿದ್ದಕ್ಕಿಂತ ಅವನು ಕೊಟ್ಟ ಉತ್ತರಗಳು ನೆನಪಾದರೆ ಮೈ ಉರಿಯುತ್ತದೆ.

ನನ್ನದು ಫ್ಲೆಕ್ಸ್ ಡಿಸೈನ್, ಮದುವೆ ಆಲ್ಬಮ್, ಜೊತೆಗೆ ಸ್ವಲ್ಪ ವಿಡಿಯೊ ಮಿಕ್ಸಿಂಗ್. ಇಡೀ ದಿನ ಕೋರಲ್ ಡ್ರಾ, ಫೋಟೊಶಾಪ್. ಹಳೇ ಮಷೀನ್ ಕೈಕೊಟ್ಟಿತ್ತು, ಮದುವೆ ಸೀಸನ್ ಬೇರೆ. ಊರಲ್ಲೇ ಒಂದು ಅಂಗಡಿಗೆ ಹೋದೆ. ಹೆಸರು ಹಾಕಲ್ಲ, ಹಾಕಿದರೆ ಇನ್ನೊಂದು ಜಗಳ. ನಾನು ಕೇಳಿದ್ದು ಇಂಟೆಲ್ ಕಂಪನಿಯ ಐ5-10400 ಪ್ರೊಸೆಸರ್ ಇರೋ ಮಷೀನ್. ಚೀಟಿಯಲ್ಲಿ ಬರೆದುಕೊಂಡೇ ಹೋಗಿದ್ದೆ. ಅವನ ಹತ್ತಿರ ಇತ್ತು ಕೂಡ! 22 ಸಾವಿರ ಅಂದ. ಸುಮ್ನೆ ಅದನ್ನೇ ಕೊಟ್ಟಿದ್ದರೆ ಇಬ್ಬರಿಗೂ ನೆಮ್ಮದಿ ಇರುತ್ತಿತ್ತು.

"ಅಣ್ಣ, ನಿಮ್ಮಂಥ ಹೆವಿ ಕೆಲಸಕ್ಕೆ ಐ5 ಯಾಕಣ್ಣ? ಅದು ಬಿಲ್ ಹೊಡೆಯೋರಿಗೆ. ಇದು ನೋಡ್ರಿ, ಬೆಂಗಳೂರು ಕಂಪನಿಯಿಂದ ಬಂದಿರೋ ಮಾಲು. ಒಂದಲ್ಲ, ಎರಡು ಪ್ರೊಸೆಸರ್ ಐತೆ. ಜಿಯಾನ್, ಇಂಟೆಲ್‌ನ ಸರ್ವರ್ ಪ್ರೊಸೆಸರ್. 32 ಜಿಬಿ ರ‍್ಯಾಮ್."

ಇಷ್ಟು ಹೇಳಿ ಟಾಸ್ಕ್ ಮ್ಯಾನೇಜರ್ (ಪ್ರೊಸೆಸರ್ ಎಷ್ಟು ದುಡಿಯುತ್ತಿದೆ ಅಂತ ತೋರಿಸೋ ವಿಂಡೋಸ್ ಪರದೆ) ತೆಗೆದು ನನ್ನ ಕಡೆ ಸ್ಕ್ರೀನ್ ತಿರುಗಿಸಿದ. ಪರದೆ ತುಂಬಾ ಸಣ್ಣ ಸಣ್ಣ ಚೌಕ. "ಎಣಿಸ್ರಿ ಅಣ್ಣ, ನೀವೇ ಎಣಿಸ್ರಿ." ಎಣಿಸಿದೆ. 24. "ಐ5ನಾಗ 12 ಬರ್ತವೆ. ಇಲ್ಲಿ ಡಬಲ್. ಬರೀ ನಾಲ್ಕು ಸಾವಿರ ಜಾಸ್ತಿ." ನಾನು ಒಂದು ಆಲ್ಬಮ್ ಫೈಲ್ ಪೆನ್‌ಡ್ರೈವಿನಲ್ಲಿ ತಂದಿದ್ದೆ, ತೆರೆದು ತೋರಿಸಿ ಅಂದೆ. "ಫೋಟೊಶಾಪ್ ಹಾಕಿಲ್ಲಣ್ಣ ಇದ್ರಾಗ" ಅಂದ. ಹಾಕದೇ ಇದ್ದಿದ್ದು ಯಾಕೆ ಅಂತ ಈಗ ಗೊತ್ತಾಗುತ್ತಿದೆ.

ಆ 24 ಚೌಕದ ಕಥೆ ಕೇಳಿ. ಅವು ಕೋರ್ ಅಲ್ಲ. ಒಂದೊಂದು ಚಿಪ್ಪಿನಲ್ಲಿ 6 ಕೋರ್, ಎರಡು ಸೇರಿ 12. ಹೈಪರ್‌ಥ್ರೆಡಿಂಗ್ ಇರೋದರಿಂದ, ಅಂದರೆ ಒಂದು ಕೋರ್ ಎರಡು ಕೆಲಸದ ಎಳೆ (ಥ್ರೆಡ್) ಒಟ್ಟಿಗೆ ನಡೆಸೋದರಿಂದ, ವಿಂಡೋಸ್ ಅದನ್ನು 24 ಅಂತ ತೋರಿಸುತ್ತದೆ. ಅದೇ ಪರದೆಯ ಕೆಳಗೆ ಕೋರ್ ಎಷ್ಟು, ಲಾಜಿಕಲ್ ಪ್ರೊಸೆಸರ್ ಎಷ್ಟು ಅಂತ ಬೇರೆ ಬೇರೆ ಬರೆದಿರುತ್ತದೆ. ಆ ಜಾಗದ ಮೇಲೇ ಅವನು ಚಾಟ್ ವಿಂಡೋ ತೆರೆದಿಟ್ಟಿದ್ದ. ಬೇಕಂತಲೇ ಇಟ್ಟಿದ್ದನೋ ಏನೋ, ನನಗಂತೂ ಈಗ ಎಲ್ಲದರ ಮೇಲೂ ಅನುಮಾನ.

ಮನೆಗೆ ತಂದು ಮಾರನೇ ದಿನ ಗಿರಾಕಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಆಲ್ಬಮ್ ಶುರು ಮಾಡಿದೆ. ಮದುಮಗಳ ಅಣ್ಣ. ಹೊಸ ಮಷೀನು, ಬೇಗ ಮುಗಿಸೋಣ ಅಂತ ನಾನೇ ಜಂಬದಿಂದ ಹೇಳಿದ್ದೆ. ಆರತಕ್ಷತೆ ಫೋಟೊಗೆ ಬ್ರಷ್ ಎಳೆದರೆ ಗೆರೆ ನನ್ನ ಕೈ ನಿಂತ ಮೇಲೆ ಬರುತ್ತಿದೆ. ತಡೆದು ತಡೆದು ಬರುತ್ತಿದೆ. ಪೇಜ್ ಬದಲಿಸಿದರೆ ನೀಲಿ ಚಕ್ರ ಸುತ್ತುತ್ತದೆ. ಅವರು ಮೊಬೈಲ್ ತೆಗೆದರು, ಇಟ್ಟರು, ಮತ್ತೆ ತೆಗೆದರು. ಕೊನೆಗೆ "ಏನಣ್ಣ, ಹೊಸದು ಅಂದ್ರಿ?" ಅಂದರು. ನನಗೆ ಮುಖ ಎಲ್ಲಿ ಇಟ್ಟುಕೊಳ್ಳಬೇಕೋ ಗೊತ್ತಾಗಲಿಲ್ಲ.

ಅಂಗಡಿಯವನಿಗೆ ಫೋನ್ ಮಾಡಿದೆ. ಟಾಸ್ಕ್ ಮ್ಯಾನೇಜರ್ ಫೋಟೊ ಕಳಿಸಿ ಅಂದ, ಕಳಿಸಿದೆ. ಸಿಪಿಯು ಬಳಕೆ 6 ಪರ್ಸೆಂಟ್. ಅದಕ್ಕೆ ಅವನ ಉತ್ತರ ನೋಡಿ: "ನೋಡಿದ್ರಾ ಅಣ್ಣ, ಬರೀ 6 ಪರ್ಸೆಂಟ್! ನಿಮ್ ಕೆಲಸ ಈ ಮಷೀನಿಗೆ ಏನೇನೂ ಸಾಲ್ತಿಲ್ಲ. ಅಷ್ಟು ಪವರ್ ಐತೆ."

ಮಷೀನ್ ತೆವಳುತ್ತಿದೆ ಅಂತ ಹೇಳಿದರೆ, ತೆವಳೋದೇ ಪವರ್ ಅನ್ನುತ್ತಾನೆ!

ಅಕ್ಕನ ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ, ಅವನನ್ನು ಕರೆಸಿದೆ. ಹೆಸರು ನೋಡಿದ ಕೂಡಲೇ ನಗು ತಡೆದುಕೊಂಡ. ನನಗೆ ಕಂಡಿತು. ಜಿಯಾನ್ ಇ5-2620. "ಮಾಮ, ಇದು 2012ರದ್ದು. ಒಂದೊಂದು ಕೋರ್ ಓಡೋದು 2 ಗಿಗಾಹರ್ಟ್ಸ್‌ನಲ್ಲಿ, ತುಂಬಾ ಅಂದರೆ 2.5. ನೀವು ಕೇಳಿದ 10400 ಬಂದಿದ್ದು 2020ರಲ್ಲಿ, ಅದು 4.3ರ ತನಕ ಹೋಗುತ್ತದೆ." ಗಿಗಾಹರ್ಟ್ಸ್ ಮಾತ್ರ ಅಲ್ಲವಂತೆ, ಒಂದೇ ಗಿಗಾಹರ್ಟ್ಸ್‌ನಲ್ಲೂ ಹೊಸ ಜನರೇಶನ್ ಜಾಸ್ತಿ ಕೆಲಸ ಮಾಡುತ್ತದೆ. ಹಾಗಾಗಿ ಒಂದು ಕೋರಿಗೆ ಒಂದು ಕೋರ್ ಹೋಲಿಸಿದರೆ ಐ5 ಸುಮಾರು ದುಪ್ಪಟ್ಟು. ಎಲ್ಲ ಕೋರ್ ಸೇರಿಸಿ ನೋಡಿದರೂ ಆ ಒಂದು ಐ5 ಈ ಎರಡನ್ನೂ ಹಿಂದೆ ಹಾಕುತ್ತದೆ.

6 ಪರ್ಸೆಂಟ್ ಗುಟ್ಟನ್ನೂ ಅವನೇ ಬಿಡಿಸಿದ. ಬ್ರಷ್ ಎಳೆಯೋದು, ಕೋರಲ್‌ನಲ್ಲಿ ಆಬ್ಜೆಕ್ಟ್ ಸರಿಸೋದು, ಇಂಥ ಕೆಲಸ ಬಹುಪಾಲು ಒಂದೆರಡು ಕೋರಿನ ಮೇಲೇ ನಡೆಯುತ್ತದೆ. 24ರಲ್ಲಿ ಒಂದು ಪೂರ್ತಿ ದುಡಿದರೆ ಒಟ್ಟು ಲೆಕ್ಕದಲ್ಲಿ ನಾಲ್ಕು ಪರ್ಸೆಂಟ್ ಚಿಲ್ಲರೆ. ಮದುವೆ ಮನೆಯಲ್ಲಿ ಹನ್ನೆರಡು ಜನ ಅಡುಗೆಯವರಿದ್ದರೂ ಒಂದು ಒಗ್ಗರಣೆಗೆ ಒಬ್ಬನೇ ತಾನೆ? ಆ ಒಬ್ಬ ನಿಧಾನದವನಾದರೆ ಉಳಿದವರು ನಿಂತು ನೋಡಬೇಕು, ಅಷ್ಟೇ.

ಚಿಪ್ಪೇ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಆ ಕಾಲಕ್ಕೆ ಅದು ಒಳ್ಳೆಯದೇ. ಒಂದೇ ಸಲ ಹತ್ತಾರು ಜನಕ್ಕೆ ಕೆಲಸ ಮಾಡಿಕೊಡೋ ಸರ್ವರಿಗೆ, ರಾತ್ರಿಯಿಡೀ ತಣ್ಣಗೆ ಇರೋ ರೂಮಿಗೆ ಮಾಡಿದ್ದು. ನನ್ನ ಶಟರ್ ಅಂಗಡಿಗೆ ಅಲ್ಲ, ಅದೂ ಬಳ್ಳಾರಿ ಬಿಸಿಲಿಗೆ! ಎರಡು ಚಿಪ್ ತಲಾ 95 ವ್ಯಾಟ್, ಮಿಕ್ಸಿಂಗ್ ರೆಂಡರ್‌ಗೆ ಹಾಕಿದರೆ ಫ್ಯಾನ್ ಕೂಗು ರಸ್ತೆಗೆ ಕೇಳುತ್ತದೆ. 10400 ಒಟ್ಟು 65 ವ್ಯಾಟ್. ಕರೆಂಟ್ ಹೋದರೆ ನನ್ನ 600 ವಿಎ ಯುಪಿಎಸ್ ಫೈಲ್ ಸೇವ್ ಮಾಡೋಕೂ ಬಿಡದೆ ಕೈ ಎತ್ತುತ್ತದೆ. ಇದರ ಜೊತೆಗೆ ಈ ಜಿಯಾನ್‌ಗೆ ಒಳಗೆ ಗ್ರಾಫಿಕ್ಸೇ ಇಲ್ಲ. ಐ5ನಲ್ಲಿ ಕ್ಯಾಮೆರಾ ವಿಡಿಯೊಗೆ ಸಹಾಯ ಮಾಡೋ ಕ್ವಿಕ್ ಸಿಂಕ್ ಇರುತ್ತದೆ, ಇದರಲ್ಲಿ ಇಲ್ಲ. ಅಂಗಡಿಯವನು ಹಾಕಿಕೊಟ್ಟ ಗ್ರಾಫಿಕ್ಸ್ ಕಾರ್ಡ್ ಬರೀ ಪರದೆ ಬೆಳಗಿಸೋಕೆ. ಎವಿಎಕ್ಸ್2 ಅನ್ನೋದು, ಅಂದರೆ ಲೆಕ್ಕ ಬೇಗ ಮಾಡೋಕೆ ಪ್ರೊಸೆಸರಿನಲ್ಲಿ ಇರೋ ಆದೇಶಗಳ ಗುಂಪು, ಇಂಟೆಲ್‌ನಲ್ಲಿ ಬಂದಿದ್ದೇ 2013ರಲ್ಲಿ, ಅದು ಬೇಕು ಅನ್ನೋ ಹೊಸ ಸಾಫ್ಟ್‌ವೇರ್ ಇದರ ಮೇಲೆ ಓಡೋದೇ ಇಲ್ಲ.

"ವಿಂಡೋಸ್ 11 ಹಾಕೈತಲ್ಲಣ್ಣ, ಹಳೇದಾಗಿದ್ರೆ ಹೆಂಗೆ ಓಡ್ತಿತ್ತು?" ಅಂತಲೂ ಅಂಗಡಿಯವನು ಕೇಳಿದ. ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಒಪ್ಪೋದು ಬಹುತೇಕ ಇಂಟೆಲ್ ಎಂಟನೇ ಜನರೇಶನ್‌ನಿಂದ ಈಚೆಗಿನದನ್ನು. ಇದರಲ್ಲಿ ಅಡ್ಡದಾರಿಯಲ್ಲಿ ಹಾಕಿದ್ದಾರೆ.

ಮಷೀನ್ ಹೊತ್ತುಕೊಂಡು ವಾಪಸ್ ಹೋದೆ. "ಅಣ್ಣ" ಹೋಗಿ "ಸಾರ್" ಆಗಿತ್ತು. ಬಿಲ್ ಕೇಳಿದ. ಬಿಲ್ಲಿನಲ್ಲಿ "ಕಂಪ್ಯೂಟರ್ 1 ಸೆಟ್" ಅಂತ ಅಷ್ಟೇ ಇದೆ, ಪ್ರೊಸೆಸರ್ ನಂಬರ್ ಇಲ್ಲ. "ನಾನು ಜಿಯಾನ್ ಅಂದೆ, ಜಿಯಾನೇ ಕೊಟ್ಟಿನಿ ಸಾರ್. ಅದ್ರಾಗ ಮೋಸ ಏನೈತೆ?" ಹಾಗಾದರೆ ಐ5ಗೆ ಬದಲಿಸಿ ಕೊಡಿ ಅಂದೆ. ನಿಮ್ಮ ಮಷೀನಿಗೆ ಒಂಬತ್ತು ಸಾವಿರ ಬೆಲೆ ಕಟ್ಟುತ್ತೇನೆ ಅಂದ. ಒಂಬತ್ತು! ಯಾಕಪ್ಪಾ ಅಂದರೆ, "ಸರ್ವರ್ ಐಟಮ್‌ಗೆ ಇಲ್ಲಿ ಗಿರಾಕಿ ಇಲ್ಲ ಸಾರ್."

ಮೊನ್ನೆ ತಾನೇ ಐ7ಗಿಂತ ಮೇಲೆ ಇದ್ದಿದ್ದಕ್ಕೆ ಇವತ್ತು ಗಿರಾಕಿ ಇಲ್ಲ. ನಗಬೇಕೋ ಅಳಬೇಕೋ ಹೇಳಿ. 32 ಜಿಬಿ ರ‍್ಯಾಮಾದರೂ ಬಿಚ್ಚಿ ಬೇರೆ ಮಷೀನಿಗೆ ಹಾಕೋಣ ಅಂದರೆ ಅದು ಸರ್ವರ್ ರ‍್ಯಾಮ್, ರಿಜಿಸ್ಟರ್ಡ್ ಇಸಿಸಿ. ಸಾಮಾನ್ಯ ಡೆಸ್ಕ್‌ಟಾಪ್ ಬೋರ್ಡಿನಲ್ಲಿ ಕೆಲಸ ಮಾಡಲ್ಲ.

ತಗೊಳ್ಳೋರು ಪೂರ್ತಿ ನಂಬರ್ ಕೇಳಿ, ಬಿಲ್ಲಿನಲ್ಲಿ ಬರೆಸಿ. ಬರೆಯಲ್ಲ ಅಂದರೆ ಬಿಟ್ಟುಬಿಡಿ. ಇ5-2600 ಸಾಲಿನ ಜಿಯಾನ್ ಆದರೆ ಕೊನೆಯಲ್ಲಿ ವಿ ಏನಿದೆ ನೋಡಿ: ಏನೂ ಇಲ್ಲದಿದ್ದರೆ 2012, ವಿ2 ಅಂದರೆ 2013, ವಿ3 2014, ವಿ4 2016. ಬರೀ "ಐ7" ಅಂದರೂ ಹಿಗ್ಗಬೇಡಿ. 2011ರ ಐ7-2600ಕ್ಕೂ 2020ರ ಐ3-10100ಕ್ಕೂ ನಾಲ್ಕೇ ಕೋರ್, ಎಂಟೇ ಥ್ರೆಡ್. ಓಡೋದರಲ್ಲಿ ಐ3 ಮುಂದೆ. ನಿಮ್ಮ ಅತಿ ಭಾರದ ಫೈಲ್ ತಗೊಂಡು ಹೋಗಿ, ಅಲ್ಲೇ ತೆರೆಸಿ. ಸಾಫ್ಟ್‌ವೇರ್ ಹಾಕಿಲ್ಲ ಅಂದರೆ ಹಾಕಿದ ಮೇಲೆ ಬರುತ್ತೇನೆ ಅನ್ನಿ.

ಇವತ್ತು ಬೆಳಿಗ್ಗೆ ಅವನ ವಾಟ್ಸಾಪ್ ಸ್ಟೇಟಸ್ ನೋಡಿದೆ. ಅದೇ ಥರದ ಕರೀ ಡಬ್ಬ, ಅದೇ 24 ಚೌಕದ ಫೋಟೊ. "ಎಡಿಟಿಂಗ್‌ಗೆ ಬೆಸ್ಟ್, ಒಂದೇ ಪೀಸ್." ರೇಟು 28 ಸಾವಿರ ಮಾಡಿದ್ದಾನೆ.