ಕಡಲ ಗಾಳಿಗೆ ಒಡ್ಡಿದ ಜಗಲಿಯ ಫ್ಯಾನ್: ಮೂರು ಮಳೆಗಾಲ ಕಳೆದ ಮೇಲೆ

ನಮ್ಮ ಮನೆ ಉಡುಪಿ ಹತ್ತಿರದ ಕಟಪಾಡಿಯಲ್ಲಿ, ಮಟ್ಟು ಕಡಲಿನಿಂದ ಹೆಚ್ಚು ದೂರ ಇಲ್ಲ. ಜಗಲಿಗೆ ಮೇಲೆ ತಾರಸಿ ಇದೆ, ಎರಡು ಕಡೆ ಗೋಡೆ ಇಲ್ಲ. ಮಳೆ ನೇರ ಬೀಳಲ್ಲ ಅಲ್ವಾ ಅಂತ ಮೊದಲು ಮಾಮೂಲಿ ಫ್ಯಾನನ್ನೇ ಹಾಕಿಸಿದ್ದೆ. ಎರಡನೇ ಮಳೆಗಾಲ ಮುಗಿಯುವಾಗ ಅಮ್ಮ ಒಂದು ಬೆಳಗ್ಗೆ ಕರೆದು ಮಲ್ಲಿಗೆಯ ಬುಟ್ಟಿ ತೋರಿಸಿದರು. ಬಿಳಿ ಮೊಗ್ಗಿನ ಮೇಲೆಲ್ಲ ಕೆಂಪು ಪುಡಿ. ತಲೆಯೆತ್ತಿದರೆ ರೆಕ್ಕೆಯ ಸ್ಕ್ರೂಗಳೆಲ್ಲ ತುಕ್ಕು ಹಿಡಿದು ಉಬ್ಬಿದ್ದವು. ಇಲ್ಲಿ ಫ್ಯಾನನ್ನು ತಿನ್ನುವುದು ಮಳೆಗಿಂತ ಜಾಸ್ತಿ ಉಪ್ಪುಗಾಳಿ.

ಆಮೇಲೆ ತಂದದ್ದು ಹೊರಾಂಗಣಕ್ಕೆಂದೇ ಮಾಡಿದ, 1200 ಮಿಲಿಮೀಟರಿನ ಬಿಎಲ್‌ಡಿಸಿ ಫ್ಯಾನ್, ಅಂದರೆ ಒಳಗಿನ ಎಲೆಕ್ಟ್ರಾನಿಕ್ ಬೋರ್ಡ್ ನಡೆಸುವ ಕಡಿಮೆ ಕರೆಂಟಿನ ಮೋಟರಿನದು. ಎಬಿಎಸ್ ಪ್ಲಾಸ್ಟಿಕ್ ರೆಕ್ಕೆ, ದೂಳು-ನೀರು ತಡೆಯುವ ಮಟ್ಟ ಐಪಿ55. ಇದರಲ್ಲಿ ಮೊದಲ 5 ದೂಳಿಗೆ, ಎರಡನೆಯದು ನೀರಿಗೆ. ಪೈಪಿನಲ್ಲಿ ನೀರು ಚಿಮ್ಮಿಸಿದರೂ ಮೋಟರಿಗೆ ತೊಂದರೆ ಆಗಬಾರದು ಅಂತ ಅರ್ಥ. ಬರೀ ಎರಚಲು ಬೀಳುವ ಜಾಗಕ್ಕೆ ಐಪಿ44 ಸಾಕು. ಆದರೆ ಉಪ್ಪಿನ ಬಗ್ಗೆ ಈ ನಂಬರ್ ಏನೂ ಹೇಳುವುದಿಲ್ಲ. ಅದಕ್ಕೇ ನಾನು ಅಂಗಡಿಗೆ ಅಯಸ್ಕಾಂತ ಒಯ್ದು ಸ್ಕ್ರೂಗಳಿಗೆ ತಾಗಿಸಿ ನೋಡಿದೆ. ಅಂಗಡಿಯವರು ನಕ್ಕರು. ರೆಕ್ಕೆಯ ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲಿನದು, ಅಂಟಲಿಲ್ಲ. ಮೇಲಿನ ರಾಡಿನ ಬೋಲ್ಟಿಗೆ ಮಾತ್ರ ಅಯಸ್ಕಾಂತ ಗಟ್ಟಿಯಾಗಿ ಅಂಟಿತು. ಮೂರು ಮಳೆಗಾಲದ ನಂತರ ತುಕ್ಕು ಹಿಡಿದಿರುವುದೂ ಅದೊಂದೇ!

ಗಾಳಿ ಚೆನ್ನಾಗಿದೆ. ಐದನೇ ಸ್ಪೀಡಿನಲ್ಲಿ ಹಾಕಿದರೆ ಸಂಜೆ ಸೊಳ್ಳೆ ಹತ್ತಿರ ಸುಳಿಯಲ್ಲ. ಅಮ್ಮನಿಗೆ ಮಾತ್ರ ಒಂದನೇ ಸ್ಪೀಡೇ ಬೇಕು, ಇಲ್ಲದಿದ್ದರೆ ಹೂ ಕಟ್ಟುವ ಬಾಳೆನಾರು ಹಾರುತ್ತದೆ. ನಮ್ಮಲ್ಲಿ ಮಲ್ಲಿಗೆಯ ಲೆಕ್ಕ ಚೆಂಡಿನಲ್ಲಿ; ಒಂದು ಚೆಂಡಿಗೆ 800 ಹೂ, ಎಣಿಸುವಾಗ ನಾರು ಹುಡುಕುತ್ತಾ ಕೂತರೆ ಲೆಕ್ಕ ತಪ್ಪುತ್ತದಂತೆ. ಕರೆಂಟೂ ಕಡಿಮೆ. ಹಳೆಯದು 75 ವಾಟ್, ಇದು ಸುಮಾರು 30. ದಿನಕ್ಕೆ ಒಂಬತ್ತು ಗಂಟೆ ತಿರುಗಿದರೆ ತಿಂಗಳಿಗೆ 12 ಯೂನಿಟ್ ಉಳಿತಾಯ.

ಬೇಜಾರು ಆದದ್ದು ಸಿಡಿಲಿನಿಂದ. ಎರಡನೇ ವರ್ಷ ಅಕ್ಟೋಬರಿನಲ್ಲಿ ಒಂದು ಸಂಜೆ ಗುಡುಗಿದ್ದೇ ತಡ, ಫ್ಯಾನ್ ನಿಂತಿತು. ಒಳಗಿನ ಸರ್ಕ್ಯೂಟ್ ಬೋರ್ಡ್ ಹೋಗಿತ್ತು. ಹಳೇ ಫ್ಯಾನಾಗಿದ್ದರೆ ನಮ್ಮೂರ ಎಲೆಕ್ಟ್ರಿಷಿಯನ್ ಕೆಪ್ಯಾಸಿಟರ್ ಬದಲಿಸಿ ಅರ್ಧ ಗಂಟೆಯಲ್ಲಿ ಮುಗಿಸುತ್ತಿದ್ದರು. ಇದರ ಬೋರ್ಡ್ ಕಂಪನಿಯಿಂದಲೇ ಬರಬೇಕು. ಸಿಡಿಲಿಗೆ ವಾರಂಟಿ ಇಲ್ಲ ಅಂದರು, ಮೂರು ವಾರ ಕಾಯಿಸಿದರು. ಈಗ ಮೋಡ ಕಪ್ಪಾದರೆ ಸಾಕು, ಅಮ್ಮ "ಮೈನ್ ತೆಗಿ ಮಾರಾಯ" ಅಂತ ಒಳಗಿನಿಂದಲೇ ಕೂಗುತ್ತಾರೆ.

ಇನ್ನೊಂದು. ಹೊಸ ಫ್ಯಾನ್ ತರುವ ಮೊದಲು ತಾರಸಿಯ ಹುಕ್ಕು ನೋಡಿಸಿ. ನಮ್ಮದನ್ನು ಎಲೆಕ್ಟ್ರಿಷಿಯನ್ ಸುಮ್ನೆ ಉಗುರಿನಲ್ಲಿ ಕೆರೆದರು, ಪದರ ಪದರವಾಗಿ ಕೈಗೆ ಬಂತು. ಅದರ ಕೆಳಗೇ ಅಮ್ಮ ದಿನಾ ಕೂರುತ್ತಿದ್ದದ್ದು.